ಬಸ್ಸಿನಲ್ಲಿ ಬರುತ್ತಿದ್ದ ಎಣ್ಣೆ

ನಮ್ಮ ಅಡುಗೆಮನೆಯ ಕಿಟಕಿಯ ಕೆಳಗೆ, ಹಾಸುಗಲ್ಲಿನ ಮೇಲೆ, ಒಂದು ಚೌಕದ ಕಲೆ ಇದೆ. ಎಣ್ಣೆಯ ಕಲೆ. ನನ್ನ ಹೆಂಡತಿ ಸುವರ್ಣಾ ಅದನ್ನು ಸೋಡಾ ಪುಡಿ ಹಾಕಿ ತಿಕ್ಕಿದ್ದಾಳೆ, ನಿಂಬೆಹಣ್ಣಿನ ಸಿಪ್ಪೆ ಹಾಕಿ ತಿಕ್ಕಿದ್ದಾಳೆ, ಒಮ್ಮೆ ಸಿಟ್ಟು ಬಂದು ಇಟ್ಟಿಗೆ ಚೂರಿನಿಂದಲೂ ತಿಕ್ಕಿದ್ದಾಳೆ. ಕಲ್ಲು ಸವೆದಿದೆ, ಕಲೆ ಹಾಗೆಯೇ ಇದೆ. ಮನೆಗೆ ಬಂದವರು ಯಾರೂ ಅದನ್ನು ನೋಡುವುದಿಲ್ಲ. ನಾನು ಈಚೆಗೆ ನೋಡುತ್ತೇನೆ. ನೀರು ಕುಡಿಯಲು ಒಳಗೆ ಹೋದವನು ಲೋಟ ಹಿಡಿದು ಸ್ವಲ್ಪ ಹೊತ್ತು ಅಲ್ಲೇ ನಿಂತುಬಿಡುತ್ತೇನೆ.

ಆ ಜಾಗದಲ್ಲಿ ಇಪ್ಪತ್ತು ವರ್ಷ ಒಂದು ಕ್ಯಾನ್ ಇರುತ್ತಿತ್ತು. ಐದು ಲೀಟರಿನದು. ಮೊದಲು ಬಿಳಿಯ ಬಣ್ಣದ್ದು. ಆಮೇಲೆ ಅದರ ಬಣ್ಣ ಯಾವುದು ಎಂದು ಹೇಳುವುದು ಕಷ್ಟವಾಯಿತು. ಮುಚ್ಚಳ ಅದರದಲ್ಲ. ಯಾವುದೋ ಬೇರೆ ಡಬ್ಬಿಯದು, ಕೆಳಗೆ ಪ್ಲಾಸ್ಟಿಕ್ ಹಾಳೆಯ ತುಂಡು ಇಟ್ಟು ತಿರುವಿದರೆ ಮಾತ್ರ ಕೂಡುತ್ತಿತ್ತು. ಹಿಡಿಕೆಗೆ ಹಳೆಯ ಸೀರೆಯ ಕೆಂಪು ಅಂಚಿನ ಚಿಂದಿ ಕಟ್ಟಿತ್ತು. ಬಸ್ಸಿನಲ್ಲಿ ಹತ್ತು ಜನರ ಹತ್ತು ಕ್ಯಾನ್ ಇದ್ದರೂ ನಮ್ಮದು ಗುರುತು ಸಿಗಲಿ ಎಂದು ನನ್ನ ಅಕ್ಕ ಕಟ್ಟಿದ್ದು.

ಅಕ್ಕನ ಹೆಸರು ನೀಲಮ್ಮ. ಇದ್ದದ್ದು ಲಿಂಗಸುಗೂರಿನಲ್ಲಿ. ಮುದಗಲ್ಲಿನ ದಾರಿಯಲ್ಲಿ ಅವರದೊಂದು ಒಣಹೊಲ. ನಾನು ಇರುವುದು ಸಿಂಧನೂರಿನಲ್ಲಿ, ಕಾಲುವೆ ಕಚೇರಿಯಲ್ಲಿ ಜವಾನ. ಅವಳ ಕಡೆ ಜೋಳ, ತೊಗರಿ, ಕುಸುಬಿ. ನನ್ನ ಕಡೆ ಕಾಲುವೆಯ ನೀರು, ಆದ್ದರಿಂದ ಭತ್ತ. ಹೀಗಾಗಿ ಅಕ್ಕ ವರ್ಷಕ್ಕೆ ಮೂರು ಸಲ ಕುಸುಬಿ ಎಣ್ಣೆಯ ಕ್ಯಾನನ್ನು ಬಸ್ಸಿಗೆ ಹಾಕುತ್ತಿದ್ದಳು. ಖಾಲಿಯಾದ ಕ್ಯಾನನ್ನು ನಾನು ಬಸ್ಸಿಗೆ ಹಾಕುತ್ತಿದ್ದೆ. ಆದರೆ ನಮ್ಮಲ್ಲಿ ಪಾತ್ರೆಯನ್ನು ಬರಿದಾಗಿ ತಿರುಗಿ ಕೊಡುವ ಪದ್ಧತಿ ಇಲ್ಲ. ಸಾರು ಬಂದ ಬಟ್ಟಲು ಹೋಗುವಾಗ ಒಂದು ಹಿಡಿ ಸಕ್ಕರೆಯನ್ನಾದರೂ ಹೊತ್ತುಕೊಂಡು ಹೋಗಬೇಕು. ಎಣ್ಣೆಯ ಕ್ಯಾನಿಗೆ ಏನು ಹಾಕುವುದು? ನಮ್ಮ ಮನೆಯಲ್ಲಿ ಹೆಚ್ಚಾಗಿ ಇದ್ದದ್ದು ಅಕ್ಕಿ. ಸುವರ್ಣಾಳ ತವರು ಗೊರೇಬಾಳದಿಂದ ಬರುತ್ತಿತ್ತು. ಕಾಗದ ಸುತ್ತಿ ಲಾಳಿಕೆ ಮಾಡಿ, ಆ ಸಣ್ಣ ಬಾಯಿಯಲ್ಲಿ ಅಕ್ಕಿ ಸುರಿದು ಕಳಿಸುತ್ತಿದ್ದೆವು.

ಒಳಗೆ ಹೋಗುವುದು ಸುಲಭ. ಹೊರಗೆ ಬರುವುದೇ ಕಷ್ಟ. ಕ್ಯಾನಿನ ಗೋಡೆಗೆ ಅಂಟಿದ ಎಣ್ಣೆಗೆ ಅಕ್ಕಿ ಕಾಳು ಕಚ್ಚಿಕೊಳ್ಳುತ್ತದೆ. ಬಗ್ಗಿಸಿದರೆ ನಾಲ್ಕು ಕಾಳು ಬೀಳುತ್ತವೆ, ಉಳಿದವು ಬಾಯಿಗೆ ಬಂದು ಒಂದನ್ನೊಂದು ತಡೆದು ನಿಲ್ಲುತ್ತವೆ. ಆ ದಿನ ಸಂಜೆ ತಪ್ಪದೆ ಅಕ್ಕನ ಫೋನು.

“ಲೇ ಅಮರೇಶ, ಯಾವ ಶಾಣ್ಯಾ ಹೇಳ್ಯಾನೋ ನಿನಗ ಇದರಾಗ ಅಕ್ಕಿ ತುಂಬು ಅಂತ? ಅರ್ಧಾ ತಾಸು ಆತು ಬಗ್ಗಿಸ್ಕೊಂಡು ಕುಂತೀನಿ.”

“ಬುಡಕ್ಕ ಬಡಿ ಅಕ್ಕಾ, ಬರ್ತಾವ.”

“ಬಡದು ಬಡದು ಕೈ ನೋಯಾಕತ್ತದ. ಚೀಲದಾಗ ಹಾಕಿ ಕಳಿಸಾಕ ಏನಾಗೇತಿ ನಿನಗ ಧಾಡಿ?”

“ಹಂಗಾರ ಕ್ಯಾನ್ ಖಾಲಿ ಬರ್ತದಲ್ಲ.”

“ಖಾಲಿ ಕಳಸ್ತೀ ಏನು? ಕಳಿಸಿ ನೋಡು.”

ಮುಂದಿನ ಸಲ ಮತ್ತೆ ಅಕ್ಕಿಯೇ. ಮತ್ತೆ ಅದೇ ಫೋನು. ಇದು ಬದಲಾಗಬೇಕು ಎಂದು ನನಗೂ ಅನಿಸಲಿಲ್ಲ, ಅವಳಿಗೂ ಅನಿಸಿರಲಾರದು. ಆ ಅಕ್ಕಿಯ ಅನ್ನಕ್ಕೆ ಬೇರೆ ಎಣ್ಣೆ ಬೇಡ, ಅದೊಂದು ಉಳಿತಾಯ ಎಂದು ಕೊನೆಗೆ ಅವಳೇ ಹೇಳುತ್ತಿದ್ದಳು.

ಕುಸುಬಿಯನ್ನು ಈಗಿನವರು ನೋಡಿರುವುದು ಕಡಿಮೆ. ಮೈತುಂಬ ಮುಳ್ಳಿನ ಗಿಡ. ದನ ಒಳಗೆ ನುಗ್ಗದಿರಲಿ ಎಂದು ಜೋಳದ ಹೊಲದ ಸುತ್ತ ನಾಲ್ಕು ಸಾಲು ಹಾಕುತ್ತಿದ್ದರು. ಬೇಲಿಯೂ ಆಯಿತು, ಎಣ್ಣೆಯೂ ಆಯಿತು. ಅದನ್ನು ಕೊಯ್ಯುವುದು ಬೆಳಗಿನ ತಂಪಿನಲ್ಲೇ. ಇಬ್ಬನಿಗೆ ಮುಳ್ಳು ಮೆತ್ತಗಾಗಿರುತ್ತದೆ. ಬಿಸಿಲೇರಿದರೆ ಹತ್ತಿರ ಹೋಗಲಾಗದು. ನಾನು ಎಂಟು ವರ್ಷದವನಿದ್ದಾಗ ನಮ್ಮ ಹೊಲಕ್ಕೆ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಕೆಲಸಕ್ಕಲ್ಲ, ಮನೆಯಲ್ಲಿ ಬಿಟ್ಟರೆ ನಾನು ಬೆಲ್ಲದ ಡಬ್ಬಿಗೆ ಕೈ ಹಾಕುತ್ತಿದ್ದೆ, ಅದಕ್ಕೆ. ಅಕ್ಕನಿಗೆ ಆಗ ಹದಿನಾಲ್ಕು. ಅವ್ವನ ಹಳೆಯ ಸೀರೆ ಹರಿದು, ಮೊದಲು ನನ್ನ ಎರಡೂ ಕೈಗೆ ಬೆರಳಿನಿಂದ ಮೊಣಕೈಯವರೆಗೆ ಸುತ್ತುತ್ತಿದ್ದಳು. ಉಳಿದದ್ದನ್ನು ತನ್ನ ಕೈಗೆ ಸುತ್ತಿಕೊಳ್ಳುತ್ತಿದ್ದಳು. ಉಳಿಯುತ್ತಿದ್ದದ್ದು ಸ್ವಲ್ಪವೇ. ನಾನು ಆ ದಪ್ಪ ಕೈಗಳನ್ನು ಹಿಡಿದುಕೊಂಡು ಬದುವಿನ ಮೇಲೆ ಕುಳಿತಿರುತ್ತಿದ್ದೆ. ಮೂಗು ತುರಿಸಿದರೂ ತುರಿಸಿಕೊಳ್ಳಲು ಬರುತ್ತಿರಲಿಲ್ಲ. ಒಂದು ಗಿಡವನ್ನೂ ಕೊಯ್ದ ನೆನಪಿಲ್ಲ. ಕೊಯ್ದವಳ ಕೈಯಲ್ಲಿ ಮುಳ್ಳು, ಕೂತವನ ಕೈಗೆ ಬಟ್ಟೆ.

ಗಾಣದ ವಿಷಯಕ್ಕೆ ಬಂದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನ್ನ ವಯಸ್ಸಿನವರು ಎತ್ತಿನ ಗಾಣವನ್ನು ನೆನೆಸಿಕೊಂಡು ಕಣ್ಣು ಮುಚ್ಚುವುದುಂಟು. ನಾನು ಎತ್ತಿನ ಗಾಣ ನೋಡಿಲ್ಲ. ನಾನು ಕಣ್ಣು ಬಿಡುವ ಹೊತ್ತಿಗೆ ನಮ್ಮ ಸುತ್ತ ಕಬ್ಬಿಣದ ಯಂತ್ರದ ಎಣ್ಣೆ ಮಿಲ್ಲುಗಳು ಬಂದಿದ್ದವು. ಒಂದು ಕಡೆ ಕಾಳು ಸುರಿದರೆ ಇನ್ನೊಂದು ಕಡೆ ಹಿಂಡಿ ಹಪ್ಪಳದಂತೆ ಬರುತ್ತಿತ್ತು, ಎಣ್ಣೆ ಕೈ ಸುಡುವಷ್ಟು ಬಿಸಿಯಾಗಿ ಇಳಿಯುತ್ತಿತ್ತು. ನಾನು ನೋಡಿದ ಮರದ ಗಾಣ ಮಸ್ಕಿಯದು, ಅದೂ ಈಚಿನದು, ಮೋಟಾರಿನದು. ಮರದ ಒರಳು, ಮರದ ಒನಕೆ, ತಿರುಗಿಸುವುದು ಕರೆಂಟು. ಈರಣ್ಣ ಎನ್ನುವವನು ಹಾಕಿದ್ದ.

ಅಕ್ಕ ಕುಸುಬಿ ಚೀಲ ಹಿಡಿದು ಲಿಂಗಸುಗೂರಿನಿಂದ ಮಸ್ಕಿಗೆ ಬಸ್ಸಿನಲ್ಲಿ ಬರುತ್ತಿದ್ದಳು. ಆಡಿಸಿಕೊಂಡು, ಕ್ಯಾನನ್ನು ಸಿಂಧನೂರಿನ ಬಸ್ಸಿಗೆ ಹಾಕಿ, ಹಿಂಡಿ ಚೀಲ ಹಿಡಿದು ತಿರುಗಿ ಹೋಗುತ್ತಿದ್ದಳು. ಒಂದೆರಡು ಸಲ ರಜೆಯ ದಿನ ನಾನೂ ಮಸ್ಕಿಗೆ ಹೋಗಿ ಅವಳ ಜೊತೆ ಕುಳಿತಿದ್ದೆ. ಗಾಣ ನಿಧಾನದ ಕೆಲಸ. ಕಾಳು ಹಾಕಿ, ಒಂದಿಷ್ಟು ನೀರು ಚಿಮುಕಿಸಿ, ಒಂದು ತಾಸಿಗೂ ಮೇಲೆ ತಿರುಗಬೇಕು. ಎಣ್ಣೆ ಬಿಸಿಯಾಗುವುದಿಲ್ಲ, ಕೆಸರಿನಂತೆ ಮಬ್ಬಾಗಿ ಬರುತ್ತದೆ. ನಾಲ್ಕು ದಿನ ಇಟ್ಟರೆ ಗಷ್ಟು ತಳಕ್ಕೆ ಇಳಿದು ಮೇಲೆ ತಿಳಿಯಾಗುತ್ತದೆ. ನೀರು ಚಿಮುಕಿಸಿದಾಗಲೆಲ್ಲ ಅಕ್ಕನಿಗೆ ಸಂಶಯ.

“ಏ ಈರಣ್ಣ, ಎಣ್ಣಿ ಹಿಂಡಾಕ ಬಂದೀನಿ, ನೀರು ಮಾರಾಕ ಬಂದಿಲ್ಲ.”

“ನೀರ ಹಾಕ್ಲಿಲ್ಲಂದ್ರ ಎಣ್ಣಿ ಬಿಟ್ಟುಕೊಡಂಗಿಲ್ಲವ್ವಾ. ಹಿಂಡಿ ಗಂಟು ಕಟ್ಟಬೇಕಲ್ಲ.”

“ಹಂಗ ಹೇಳಿ ಹೇಳೇ ನೀ ಹೊಟ್ಟಿ ಬಿಟ್ಟಿ.”

ಇನ್ನೊಂದು ಸಂಶಯ ಇದಕ್ಕಿಂತ ದೊಡ್ಡದು. ಗಾಣದಲ್ಲಿ ನಿಮಗಿಂತ ಮೊದಲು ಆಡಿಸಿದವರ ಎಣ್ಣೆ ಸ್ವಲ್ಪ ಮರಕ್ಕೆ ಹಿಡಿದುಕೊಂಡು ಉಳಿದಿರುತ್ತದೆ. ನಿಮ್ಮ ಕ್ಯಾನಿಗೆ ಮೊದಲು ಇಳಿಯುವುದು ಅದು. ಹಾಗೆಯೇ ನಿಮ್ಮದಿಷ್ಟು ಗಾಣದಲ್ಲಿ ಉಳಿದು ನಿಮ್ಮ ನಂತರ ಆಡಿಸುವವರಿಗೆ ಹೋಗುತ್ತದೆ. ಇದನ್ನು ತಿಳಿದಿದ್ದ ಅಕ್ಕ, ಶೇಂಗಾ ತಂದವರ ಹಿಂದೆ ಪಾಳಿ ಹಚ್ಚುತ್ತಿರಲಿಲ್ಲ. ಕುಸುಬಿ ತಂದವರು ಬರುವವರೆಗೆ ಕಾಯುತ್ತಿದ್ದಳು. ಅವರ ಚೀಲಕ್ಕೆ ಕೈ ಹಾಕಿ, ಕಾಳು ಹಲ್ಲಿನಲ್ಲಿ ಒಡೆದು ನೋಡಿ, ಒಪ್ಪಿಗೆಯಾದರೆ ಅವರ ಹಿಂದೆ ನಿಲ್ಲುತ್ತಿದ್ದಳು.

“ಅಷ್ಟಕ್ಕೂ ಒಂದು ಬಟ್ಟಲ ಎಣ್ಣಿ ಇರಬಹುದು ಅಕ್ಕಾ, ಯಾರದಾದ್ರ ಏನು?” ಎಂದು ನಾನು ಒಮ್ಮೆ ಕೇಳಿದೆ.

“ನೀ ತಿನ್ನೋದೈತಲ್ಲ, ಅದಕ್ಕ ನೋಡ್ತೀನಿ” ಎಂದಳು.

ನಾನು ಅದನ್ನು ತಿನ್ನುತ್ತಿರಲಿಲ್ಲ. ಅದನ್ನೇ ಈಗ ಹೇಳಬೇಕು.

ನಾಲ್ಕು ವರ್ಷದ ಹಿಂದೆ ಕಚೇರಿಯಲ್ಲಿ ಎಲ್ಲರಿಗೂ ರಕ್ತ ಪರೀಕ್ಷೆ ಮಾಡಿಸಿದರು. ನನ್ನ ರಕ್ತದಲ್ಲಿ ಕೊಬ್ಬು ಜಾಸ್ತಿ ಬಂತು. ಡಾಕ್ಟರು ವರದಿ ನೋಡಿ, “ಎಣ್ಣೆ ನೋಡಿಕೊಳ್ಳಿ” ಎಂದರು. ಇನ್ನೂ ಏನೇನೋ ಹೇಳಿದರು. ನನಗೆ ಕೇಳಿಸಿದ್ದು ಅಷ್ಟೇ. ಅಂಗಡಿಗೆ ಹೋಗಿ ಎಣ್ಣೆ ನೋಡಿದೆ. ಒಂದು ಪಾಕೀಟಿನ ಮೇಲೆ ಕೆಂಪು ಹೃದಯದ ಚಿತ್ರವಿತ್ತು. ಅದನ್ನೇ ತಂದೆ. ಬೆಳ್ಳಗೆ, ನೀರಿನಂತೆ, ಒಂದಿಷ್ಟೂ ವಾಸನೆ ಇಲ್ಲ. ಅಲ್ಲಿಗೆ ನನ್ನ ಹೃದಯದ ಜವಾಬ್ದಾರಿ ಪಾಕೀಟಿನದಾಯಿತು. ಮೊದಲು ವಾರಕ್ಕೊಮ್ಮೆ ತಿನ್ನುತ್ತಿದ್ದ ಮಿರ್ಚಿ ಬಜಿಯನ್ನು ಎರಡು ಸಲ ತಿನ್ನತೊಡಗಿದೆ. ಕರಿದ ಎಣ್ಣೆ ಚೆಲ್ಲಬಾರದೆಂದು ಮರುದಿನ ಅದರಲ್ಲೇ ಹಪ್ಪಳ ಕರಿಸಿದೆ.

ಅಕ್ಕನಿಗೆ ಬೇಡ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಹೇಗೆ ಹೇಳುವುದು? ಇಷ್ಟು ವರ್ಷ ಕಳಿಸಿದ ಎಣ್ಣೆಯಿಂದಲೇ ತಮ್ಮನ ರಕ್ತ ಕೆಟ್ಟಿತು ಎಂದು ಅವಳು ತಿಳಿದುಕೊಳ್ಳುತ್ತಾಳೆ. ಕ್ಯಾನ್ ಬರುತ್ತಲೇ ಇತ್ತು. ಸ್ವಲ್ಪ ಎಣ್ಣೆ ದೇವರ ದೀಪಕ್ಕೆ, ಸ್ವಲ್ಪ ಸುವರ್ಣಾಳ ತಲೆಗೆ, ಸ್ವಲ್ಪ ಬಾಗಿಲಿನ ತಿರುಗಣಿಗೆ.

“ನಿಮ್ಮಕ್ಕನ ಎಣ್ಣಿ ತಿಂದು ಮನೀ ಬಾಗಲಾ ಸೈತ ಮೆತ್ತಗಾದ್ವು, ನೀವ ಆಗವಲ್ರಿ” ಎಂದಳು ಸುವರ್ಣಾ. ಅವಳಿಗೆ ಈ ಕಳ್ಳತನ ಸರಿಬರಲಿಲ್ಲ. “ಹೇಳಿಬಿಡ್ರಿ. ಹಿರೇ ಮನಶಾಳು, ತಿಳ್ಕೋತಾಳ.”

ನಾನು ಹೇಳಲಿಲ್ಲ. ಉಳಿದದ್ದನ್ನು ಖಾಜಾನಿಗೆ ಕೊಟ್ಟೆ. ಖಾಜಾ ಸಿಂಧನೂರು ಬಸ್‌ಸ್ಟ್ಯಾಂಡಿನ ಎದುರು ಸೋಡಾ ಅಂಗಡಿ ಇಟ್ಟವನು. ಡ್ರೈವರ್ ಕ್ಯಾನನ್ನು ಇಳಿಸಿ ಅವನ ಅಂಗಡಿಯಲ್ಲಿ ಇಡುತ್ತಿದ್ದ, ನಾನು ಕಚೇರಿ ಮುಗಿಸಿ ತರುತ್ತಿದ್ದೆ. ಇಟ್ಟುಕೊಂಡದ್ದಕ್ಕೆ ಉಪಕಾರವೂ ಆಯಿತು ಎಂದು ಮೊದಲು ಒಂದು ಬಾಟಲಿ ಕೊಟ್ಟೆ, ಆಮೇಲೆ ಎರಡು. ಕೊನೆಗೆ ಕ್ಯಾನ್ ನಮ್ಮ ಮನೆಗೆ ಬರುವುದು ಖಾಲಿಯಾಗಲು ಮಾತ್ರ ಎನ್ನುವಂತಾಯಿತು.

ಈ ನಡುವೆ ನಮ್ಮ ಓಣಿಯ ರಮೇಶ ನನ್ನನ್ನು ಅವನು ಕೆಲಸ ಮಾಡುವ ಎಣ್ಣೆ ಕಾರ್ಖಾನೆಗೆ ಒಮ್ಮೆ ಕರೆದುಕೊಂಡು ಹೋದ. ನನ್ನ ಪಾಕೀಟಿನ ಎಣ್ಣೆಯಂಥದ್ದನ್ನೇ ಅಲ್ಲಿ ಅಕ್ಕಿಯ ತೌಡಿನಿಂದ ತೆಗೆಯುತ್ತಾರೆ. ಭತ್ತದ ಸೀಮೆಯಲ್ಲಿ ತೌಡಿಗೆ ಬರವಿಲ್ಲ. ಅಕ್ಕಿ ಗಿರಣಿಗಳ ತೌಡು ಲಾರಿಗಟ್ಟಲೆ ಅಲ್ಲಿಗೆ ಹೋಗುತ್ತದೆ. ತೌಡನ್ನು ಹಿಂಡಿದರೆ ಎಣ್ಣೆ ಸರಿಯಾಗಿ ಬರುವುದಿಲ್ಲವಂತೆ. ಪೆಟ್ರೋಲಿನ ಜಾತಿಯ ಒಂದು ದ್ರವದಲ್ಲಿ ಅದನ್ನು ತೊಳೆಯುತ್ತಾರೆ. ಎಣ್ಣೆಯೆಲ್ಲ ಆ ದ್ರವದ ಜೊತೆ ಇಳಿದು ಬರುತ್ತದೆ. ಆಮೇಲೆ ಕಾಯಿಸಿ ದ್ರವವನ್ನು ಹಾರಿಸುತ್ತಾರೆ, ಅದನ್ನೇ ಹಿಡಿದು ಮತ್ತೆ ಬಳಸುತ್ತಾರೆ. ಉಳಿದ ಎಣ್ಣೆ ಕಪ್ಪಗೆ, ಮಂದವಾಗಿ ಇರುತ್ತದೆ. ಅದರ ಅಂಟು ತೆಗೆಯಬೇಕು, ಹುಳಿ ತೆಗೆಯಬೇಕು, ಮೇಣ ತೆಗೆಯಬೇಕು, ಒಂದು ಜಾತಿಯ ಮಣ್ಣಿನಲ್ಲಿ ಕಲಸಿ ಸೋಸಿ ಬಣ್ಣ ತೆಗೆಯಬೇಕು. ಎಲ್ಲಕ್ಕೂ ಕೊನೆಗೆ ಬಿಸಿ ಹಬೆ ಬಿಟ್ಟು ವಾಸನೆ ತೆಗೆಯಬೇಕು.

“ಇದು ಯಾವ ಎಣ್ಣಿ ಅಂತ ಯಾರೂ ಗುರುತು ಹಿಡಿಯಂಗಿಲ್ರಿ” ಎಂದ ರಮೇಶ. “ಮೂಗಿಗೆ ಹಿಡದ್ರೂ ನನಗ ತಿಳಿಯಂಗಿಲ್ಲ. ಹಂಗ ತೊಳದಿರ್ತೀವಿ.”

ಅವನು ಅಭಿಮಾನದಿಂದಲೇ ಹೇಳಿದ. ಕೆಟ್ಟ ಎಣ್ಣೆ ಎಂದು ನಾನು ಹೇಳುತ್ತಿಲ್ಲ. ಅದಕ್ಕೂ ತನ್ನ ಗುಣ ಇದೆ, ಬೇಗ ಕೆಡುವುದಿಲ್ಲ, ಉರಿ ತಡೆಯುತ್ತದೆ. ಆ ದಿನ ನನಗೆ ಅನಿಸಿದ್ದು ಒಂದೇ. ಇಷ್ಟು ಕಷ್ಟಪಟ್ಟು ವಾಸನೆ ತೆಗೆದಿದ್ದಾರೆಂದರೆ ಒಳ್ಳೆಯದೇ ಇರಬೇಕು.

ಅಕ್ಕ ಕ್ಯಾನನ್ನು ಬಸ್ಸಿಗೆ ಹಾಕಿದ ಕೂಡಲೇ ಫೋನ್ ಮಾಡುತ್ತಿದ್ದಳು. ಬಸ್ಸಿನ ನಂಬರ್ ಹೇಳಬೇಕಲ್ಲ. ಅಕ್ಷರ ಅವಳಿಗೆ ಅಷ್ಟಕ್ಕಷ್ಟೇ; ಅಂಕಿ ಚೆನ್ನಾಗಿ ಬರುತ್ತಿತ್ತು.

“ಡ್ರೈವರ್ ಕಾಲ ಹಂತೇಕ ಇಟ್ಟೀನಿ. ನಂಬರ್ ಬರ್ಕೋ. ಬರಕೊಂಡ್ಯಾ? ತಿರುಗಿ ಹೇಳು.”

ನಾನು ಬರೆದುಕೊಳ್ಳದೆಯೇ ತಿರುಗಿ ಹೇಳುತ್ತಿದ್ದೆ. ಆಮೇಲೆ ಅವಳು ಕೇಳುತ್ತಿದ್ದಳು, “ಹೋದ ಸಲದ ಎಣ್ಣಿ ತಿಂದು ಮುಗಿಸಿದ್ರೇನು?”

“ಮುಗಿಸೀವಿ ಅಕ್ಕಾ.”

“ರೊಟ್ಟಿ ಮ್ಯಾಲ ಹಸೀದ ಹಾಕ್ಕೋ. ಕಾಸಿದ್ರ ಅದರ ಜೀವ ಹೋಗ್ತದ.”

“ಹೂಂ.”

ಈ ವರ್ಷ ಬೇಸಿಗೆಯಲ್ಲಿ, ಒಂದು ಗುರುವಾರ ಮಧ್ಯಾಹ್ನದ ಹೊತ್ತಿಗೆ ಫೋನ್ ಬಂತು. ನಾನು ಕಚೇರಿಯಲ್ಲಿ ಕಡತಗಳನ್ನು ಕಪಾಟಿಗೆ ಇಡುತ್ತಿದ್ದೆ. ಅಕ್ಕನ ಹೆಸರು ನೋಡಿದೆ. ಎಣ್ಣೆಯ ಫೋನು ಎಂದು ಗೊತ್ತಾಯಿತು. ಕೈಯಲ್ಲಿ ಧೂಳಿತ್ತು. ಸಂಜೆ ಮಾಡಿದರಾಯಿತು ಎಂದುಕೊಂಡೆ. ಕ್ಯಾನ್ ಹೇಗೂ ಖಾಜಾನ ಹತ್ತಿರ ಇರುತ್ತದೆ. ಫೋನ್ ರಿಂಗಾಗಿ ನಿಂತಿತು.

ಸಂಜೆ ಐದರ ಹೊತ್ತಿಗೆ ಅಕ್ಕನ ಮಗಳು ಗಿರಿಜಾ ಫೋನ್ ಮಾಡಿದಳು. ಅಕ್ಕ ಮಸ್ಕಿಯಿಂದ ಬಂದು, ಹಿಂಡಿ ಚೀಲ ಕೊಟ್ಟಿಗೆಯಲ್ಲಿ ಇಳಿಸಿ, ಎದೆ ಹಿಡಿದುಕೊಂಡಿದೆ ಎಂದು ಕಟ್ಟೆಯ ಮೇಲೆ ಕುಳಿತಳಂತೆ. ನೀರು ಕೇಳಿದಳಂತೆ. ನೀರು ತರುವಷ್ಟರಲ್ಲಿ ಮುಗಿದಿತ್ತು.

ನಾವು ಲಿಂಗಸುಗೂರಿಗೆ ಹೋದೆವು. ಮಣ್ಣು ಕೊಟ್ಟೆವು. ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ಬಂದೆವು. ಕ್ಯಾನಿನ ನೆನಪು ನನಗೆ ಬರಲಿಲ್ಲ. ಆ ದಿನಗಳಲ್ಲಿ ನನ್ನ ಫೋನಿನಲ್ಲಿ ಅಕ್ಕನ ಹೆಸರಿನ ಮುಂದೆ, ಎತ್ತದ ಕರೆಯದು, ಒಂದು ಕೆಂಪು ಗುರುತು ಇತ್ತು. ಅದನ್ನು ಅಳಿಸುವುದು ಹೇಗೆ ಎಂದು ನನಗೆ ಗೊತ್ತಿತ್ತು; ಅಳಿಸಲಿಲ್ಲ.

ಮೂರು ವಾರವಾದ ಮೇಲೆ ಖಾಜಾ ಕಚೇರಿಗೇ ಬಂದ. ಹೊರಗೆ ಬೇವಿನ ಗಿಡದ ಕೆಳಗೆ ನಿಂತಿದ್ದ.

“ಅಮರೇಶಣ್ಣಾ, ನೀಲಮ್ಮಕ್ಕನ ಕ್ಯಾನ್ ಐತ್ರಿ ನನ್ನ ಹಂತೇಕ.”

ನನಗೆ ಮೊದಲು ತಿಳಿಯಲಿಲ್ಲ.

“ಆ ದಿನಾನ ಬಂದೈತಿ. ಮರುದಿನ ಸುದ್ದಿ ಕೇಳಿದೆ. ದುಃಖದಾಗ ಇರೋರಿಗೆ ಎಣ್ಣಿ ಕ್ಯಾನ್ ಬಗ್ಗೆ ಏನ ಹೇಳೋದು ಅಂತ ಸುಮ್ಮನಾದೆ. ದಿನಕರ್ಮ ಎಲ್ಲಾ ಮುಗೀಲಿ ಅಂದೆ. ಬಿಸಲಾಗ ಇಟ್ಟಿಲ್ರಿ. ಗೋಣಿ ಮುಚ್ಚಿ ಒಳಗಡೆ ಇಟ್ಟೀನಿ.”

ಸಂಜೆ ಅವನ ಅಂಗಡಿಗೆ ಹೋದೆ. ಕೆಂಪು ಚಿಂದಿ ಹೊಸದು ಕಟ್ಟಿದ್ದಳು. ಎತ್ತಿಕೊಂಡು, “ಖಾಜಾ, ಮನಿಯಿಂದ ಬಾಟಲಿ ತಗೊಂಡು ಬಾ” ಎಂದೆ, ರೂಢಿಯಂತೆ.

ಅವನು ಬೇಡ ಎಂದು ತಲೆಯಾಡಿಸಿದ. ಸ್ಟೂಲನ್ನು ನನ್ನ ಕಡೆ ದೂಡಿದ. “ಒಂದು ಮಾತು ಹೇಳೋದಿತ್ರಿ. ನನ್ನ ಕಡಿಂದ ತಪ್ಪಾಗೇತಿ. ಅಕ್ಕಗ ಎಲ್ಲಾ ಗೊತ್ತಿತ್ರಿ.”

“ಏನು ಗೊತ್ತಿತ್ತು?”

“ಎಣ್ಣಿ ನೀವು ನನಗ ಕೊಡ್ತಿದ್ರಲ್ಲ, ಅದು.”

ಎರಡು ವರ್ಷದ ಹಿಂದೆ ನಮ್ಮ ಸಂಬಂಧಿಕರ ಮದುವೆಗೆ ಅಕ್ಕ ಸಿಂಧನೂರಿಗೆ ಬಂದಿದ್ದಳು. ನಾನು ಕರೆಯಲು ಹೋಗುವುದು ತಡವಾಯಿತು. ಅವಳು ಖಾಜಾನ ಅಂಗಡಿಯಲ್ಲಿ, ನಾನು ಈಗ ಕುಳಿತ ಸ್ಟೂಲಿನ ಮೇಲೇ ಕುಳಿತಿದ್ದಳಂತೆ.

“ನಾ ಬಾಯಿ ತಡಿಲಿಲ್ರಿ. ಅಕ್ಕಾ, ನಿಮ್ಮ ಎಣ್ಣಿ ಭಾಳ ಚಲೋ ಇರ್ತದ, ನಮ್ಮ ಮನ್ಯಾಗ ಅದು ಬಿಟ್ಟು ಬ್ಯಾರೇದು ಮುಟ್ಟಂಗಿಲ್ಲ ಅಂದುಬಿಟ್ಟೆ. ಅಂದ ಮ್ಯಾಲ ತಿಳೀತು, ಏನಂದೆ ಅಂತ.”

“ಆಕಿ ಏನಂದ್ಲು?”

“ಸೋಡಾ ಕುಡದ್ರು. ಕುಡದು ಗ್ಲಾಸ್ ಇಟ್ಟು ಕೇಳಿದ್ರು, ಅರ್ಧಾ ಕೊಡ್ತಾನೋ ಪೂರಾ ಕೊಡ್ತಾನೋ ಅಂತ. ನಾ ಅರ್ಧಾ ಅಂದೆ. ಸುಳ್ಳು ಹೇಳಿದೆ. ಅವರು ನಕ್ಕುಬಿಟ್ರು. ನೀ ಅರ್ಧಾ ಅಂದ್ರ ಪೂರಾ ಇರಬೇಕು ಬಿಡು ಅಂದ್ರು.”

ಬಸ್ಸೊಂದು ಬಂದು ನಿಂತಿತು. ಯಾರೋ ನಿಂಬೆ ಸೋಡಾ ಕೇಳಿದರು. ಖಾಜಾ ಕೊಟ್ಟು ಬಂದ.

“ಆಮ್ಯಾಲ?”

“ನನಗ ಗೊತ್ತಾಗೇತಿ ಅಂತ ಅವನಿಗೆ ಹೇಳಬ್ಯಾಡಪಾ ಅಂದ್ರು. ಹೇಳಿದ್ರ ನಾಚಿಕೊಂಡು ಕ್ಯಾನ್ ಬ್ಯಾಡ ಅಂತಾನ. ಎಣ್ಣಿ ಯಾರರ ತಿನ್ಲಿ, ಕ್ಯಾನ್ ಹೋಗಿ ಬಂದು ಮಾಡ್ಲಿ. ಅದರ ನೆವಕ್ಕರ ಫೋನ್ ಎತ್ತತಾನ. ಹಂಗಂದ್ರು.”

ಅವನು ಅಷ್ಟು ಹೇಳಿ ಸೋಡಾ ಬಾಟಲಿಗಳನ್ನು ಒರೆಸತೊಡಗಿದ. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದ.

ಮನೆಗೆ ನಡೆದು ಬರುವಾಗ ಒಂದು ವಿಷಯ ನೆನಪಿಗೆ ಬಂತು. ಎರಡು ವರ್ಷದಿಂದ ಅಕ್ಕ “ಎಣ್ಣಿ ತಿಂದು ಮುಗಿಸಿದ್ರೇನು” ಎಂದು ಕೇಳಿರಲಿಲ್ಲ. “ಎಣ್ಣಿ ಖಾಲಿ ಆತೇನು” ಎಂದಷ್ಟೇ ಕೇಳುತ್ತಿದ್ದಳು. ಅದಕ್ಕೆ ಹೌದು ಎಂದರೆ ಸುಳ್ಳಾಗುತ್ತಿರಲಿಲ್ಲ. ರೊಟ್ಟಿಯ ಮೇಲೆ ಹಾಕಿಕೋ ಎನ್ನುವ ಮಾತೂ ನಿಂತಿತ್ತು. ನನಗೆ ಸುಳ್ಳು ಹೇಳುವ ಕಷ್ಟ ತಪ್ಪಿಸಿದ್ದಳು. ನಾನು ಗಮನಿಸಿರಲಿಲ್ಲ.

ಕ್ಯಾನನ್ನು ಅದರ ಕಲೆಯ ಮೇಲೆ ಇಟ್ಟೆ. ಒಂದು ವಾರ ಹಾಗೆಯೇ ಇತ್ತು. ಸುವರ್ಣಾ ಅದರ ಸುತ್ತ ಕಸ ಗುಡಿಸುತ್ತಿದ್ದಳು. ಒಂದು ಬೆಳಿಗ್ಗೆ ಹೇಳಿದಳು, “ಗಾಣದ ಎಣ್ಣಿ ಭಾಳ ದಿನ ತಡ್ಯಂಗಿಲ್ರಿ. ಈಗಾಗ್ಲೇ ಒಂದು ತಿಂಗಳಾತು. ಕಮಟು ಹಿಡದ್ರ ದೀಪಕ್ಕೂ ಬರಂಗಿಲ್ಲ. ಇಡೋದಾದ್ರ ಇಡ್ರಿ, ತಿನ್ನೋದಾದ್ರ ತಿನ್ರಿ.”

ಇಟ್ಟರೆ ಉಳಿಯುವುದಿಲ್ಲ, ತಿಂದರೆ ಮುಗಿಯುತ್ತದೆ. ಅಕ್ಕ ಹೇಳುತ್ತಿದ್ದದ್ದೂ ಅದೇ. ಕಾಳಾಗಿ ಇಟ್ಟರೆ ವರ್ಷ ಇರುತ್ತದೆ, ಎಣ್ಣೆಯಾಗಿ ಇಟ್ಟರೆ ಇರುವುದಿಲ್ಲ. ಅದಕ್ಕೇ ಒಂದೇ ಸಲ ಆಡಿಸದೆ ಮೂರು ಸಲ ಮಸ್ಕಿಗೆ ಹೋಗುತ್ತಿದ್ದಳು. ಇದು ಅವಳ ಕೊನೆಯ ಗಾಣ. ಇದು ಕೆಟ್ಟು ಹೋದರೆ ನಾಲ್ಕು ವರ್ಷ ಅವಳ ಎಣ್ಣೆ ತಿನ್ನದವನು ಎನ್ನುವುದು ಹಾಗೆಯೇ ಉಳಿಯುತ್ತದೆ, ತಿದ್ದಲು ಇನ್ನೊಂದು ಕ್ಯಾನ್ ಬರುವುದಿಲ್ಲ.

ಆದರೂ ನಾನು ಹೆದರುವವನು. ಮತ್ತೆ ರಕ್ತ ಪರೀಕ್ಷೆ ಮಾಡಿಸಿಕೊಂಡು ಡಾಕ್ಟರ ಹತ್ತಿರ ಹೋದೆ. ಕೊಬ್ಬು ಇಳಿದಿರಲಿಲ್ಲ, ಸ್ವಲ್ಪ ಏರಿತ್ತು. ನಾಲ್ಕು ವರ್ಷದಿಂದ ಹೃದಯದ ಚಿತ್ರದ ಎಣ್ಣೆಯನ್ನೇ ತಿನ್ನುತ್ತಿದ್ದೇನೆ ಎಂದೆ. ಕುಸುಬಿ ಎಣ್ಣೆಯ ಕಥೆಯನ್ನೂ ಹೇಳಿದೆ.

“ಎಣ್ಣೆ ಕಡಿಮೆ ಮಾಡ್ರಿ ಅಂದಿದ್ದೆ ನಾನು. ಬದಲಿ ಮಾಡ್ರಿ ಅಂದಿದ್ದಿಲ್ಲ” ಎಂದರು ಅವರು. “ಕುಸುಬಿ ನಿಮಗೇನು ಕೆಟ್ಟದ್ದು ಮಾಡೇತಿ? ಯಾವ ಎಣ್ಣೆಯಾದರೂ ದಿನಕ್ಕೆ ಒಬ್ಬರಿಗೆ ಮೂರು ನಾಲ್ಕು ಸಣ್ಣ ಚಮಚ, ಅಷ್ಟೇ. ಗಾಣದ್ದನ್ನು ಕರಿಯಲಿಕ್ಕೆ ಹಾಕಬ್ಯಾಡ್ರಿ, ಒಗ್ಗರಣೆಗೆ ಹಾಕ್ರಿ, ಮೇಲೆ ಹಾಕ್ಕೊಂಡು ತಿನ್ರಿ. ಒಂದೇ ಎಣ್ಣೆ ವರ್ಷಗಟ್ಟಲೆ ಬ್ಯಾಡ, ನಡುವೆ ಶೇಂಗಾ ಎಣ್ಣಿನೂ ತರ್ರಿ. ಮತ್ತ ಆ ಬಜಿ ಬಿಡ್ರಿ. ಕರಿದ ಎಣ್ಣೆಯಲ್ಲೇ ಮತ್ತೆ ಕರಿಯೋದು ಅಂತೂ ಬಿಟ್ಟೇ ಬಿಡ್ರಿ.” ಬರೆದ ಗುಳಿಗೆಯನ್ನು ತಪ್ಪದೆ ನುಂಗಬೇಕು ಎಂದೂ ಹೇಳಿದರು. ಈ ಸಲ ಎಲ್ಲವನ್ನೂ ಕಾಗದದ ಮೇಲೆ ಬರೆದುಕೊಂಡೆ, ತಿರುಗಿ ಹೇಳಿದೆ. ಅವರು ಯಾಕೆ ಎನ್ನುವಂತೆ ನನ್ನ ಮುಖ ನೋಡಿದರು.

ಆ ಮಧ್ಯಾಹ್ನ ಸುವರ್ಣಾ ಜೋಳದ ರೊಟ್ಟಿ ಬಡಿದಳು. ತಾಟಿನಲ್ಲಿ ಶೇಂಗಾ ಚಟ್ನಿಪುಡಿ ಹಾಕಿ, ನಡುವೆ ಬೆರಳಿನಿಂದ ಕುಳಿ ಮಾಡಿ, ಕ್ಯಾನಿನ ಮುಚ್ಚಳ ತಿರುವಿದಳು. ವಾಸನೆ ಬಂತು. ಹುರಿದ ಕಾಳಿನದೂ ಅಲ್ಲ, ಹುಲ್ಲಿನದೂ ಅಲ್ಲ, ಎರಡರ ನಡುವಿನದು. ಇಬ್ಬನಿ ಬಿದ್ದ ಹೊಲದಲ್ಲಿ ಗಿಡ ಮುರಿದಾಗ ಬರುವಂಥದ್ದು. ಕಮಟು ಹಿಡಿದಿರಲಿಲ್ಲ. ಅವಳು ಒಂದು ಚಮಚ ಎಣ್ಣೆ ಕುಳಿಗೆ ಬಿಟ್ಟಳು. ತಿಂದೆ. ಇನ್ನೊಂದು ತುತ್ತು ಮುರಿದೆ.

“ಹೆಂಗೈತ್ರಿ?”

“ಚಲೋ ಐತಿ.”

ಇಬ್ಬರಿಗೆ ದಿನಕ್ಕೆ ಅಷ್ಟಷ್ಟೇ ಎಂದರೆ ಐದು ಲೀಟರು ಕೆಡುವುದರೊಳಗೆ ಮುಗಿಯುವುದಿಲ್ಲ. ಅರ್ಧ ಖಾಜಾನಿಗೆ ಕೊಟ್ಟೆ. ಬೇಡ ಎಂದವನಿಗೆ, “ಅರ್ಧಾ ಅಂತ ನೀನ ಹೇಳೀದಿ, ತಗೋ” ಎಂದೆ. ತೆಗೆದುಕೊಂಡ. ಉಳಿದ ಅರ್ಧ ನಮಗೆ ಎರಡು ತಿಂಗಳಿಗೂ ಸ್ವಲ್ಪ ಹೆಚ್ಚು ಬಂತು. ಕೊನೆಗೆ ತಳದಲ್ಲಿ ಬೆರಳಿನಷ್ಟು ಗಷ್ಟು ಉಳಿಯಿತು. ಸುವರ್ಣಾ ಕ್ಯಾನನ್ನು ತೊಳೆಯಲು ಹೊರಟಳು. ಬೇಡ ಎಂದೆ.

ಕ್ಯಾನ್ ಅಕ್ಕನ ಮನೆಯದು. ತಿರುಗಿ ಹೋಗಬೇಕು. ಹೋದ ಭಾನುವಾರ ಕಾಗದ ಸುತ್ತಿ ಅಕ್ಕಿ ತುಂಬಿದೆ. ಕೆಂಪು ಚಿಂದಿಯ ಗಂಟು ಬಿಗಿ ಮಾಡಿದೆ. ಲಿಂಗಸುಗೂರಿನ ಬಸ್ಸಿನಲ್ಲಿ ಡ್ರೈವರನ ಕಾಲ ಹತ್ತಿರ ಇಟ್ಟು ಗಿರಿಜಾಳಿಗೆ ಫೋನ್ ಮಾಡಿದೆ. ಗಿರಿಜಾ ಲಿಂಗಸುಗೂರಿನಲ್ಲೇ ಅಂಗನವಾಡಿ ಶಿಕ್ಷಕಿ. ತಂದೆಯ ಮನೆಯ ಹಿಂದಿನ ಓಣಿಯಲ್ಲಿ ಇರುತ್ತಾಳೆ.

“ನಂಬರ್ ಬರ್ಕೋ ಅವ್ವಿ.”

“ಯಾಕ ಮಾಮಾ? ಎರಡು ತಾಸಿಗೆ ಬರ್ತದ, ನಾ ಹೋಗಿ ನಿಂದರ್ತೀನಲ್ಲ.”

“ಬರ್ಕೋ. ತಿರುಗಿ ಹೇಳು.”

ತಿರುಗಿ ಹೇಳಿದಳು.

ಸಂಜೆ ಅವಳ ಫೋನು ಬಂತು. ನಾನು ಮೊದಲನೆಯ ರಿಂಗಿಗೇ ಎತ್ತಿದೆ.

“ಮಾಮಾ, ಇದರಾಗ ಅಕ್ಕಿ ತುಂಬೀದಿ ಏನು? ಬಗ್ಗಿಸಿದ್ರ ಬರವಲ್ವು. ಅವ್ವ ಹೆಂಗ ತಗೀತಿದ್ಲು?”

ಅದು ನನಗೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಅವಳು ಬೈದದ್ದು ಮಾತ್ರ ನನಗೆ ಗೊತ್ತು.

“ಬುಡಕ್ಕ ಬಡಿ, ಬರ್ತಾವ” ಎಂದೆ.

ಅವಳು ಫೋನನ್ನು ಕೆಳಗೆ ಇಟ್ಟಿರಬೇಕು. ಕ್ಯಾನಿನ ಬುಡ ಬಡಿಯುವ ಸದ್ದು ಕೇಳಿಸಿತು. ಆಮೇಲೆ ಪರಾತದಲ್ಲಿ ನಾಲ್ಕು ಕಾಳು ಬಿದ್ದ ಸದ್ದು. ಮತ್ತೆ ಬಡಿತ.

“ಬರಾಕತ್ತಾವ ಮಾಮಾ” ಎಂದಳು ದೂರದಿಂದ. “ಭಾಳ ಸಾವಕಾಶ. ಮತ್ತ ಕೇಳಿಲ್ಲಿ, ಅವ್ವನ ಕುಸುಬಿ ಇನ್ನೂ ಎರಡು ಚೀಲ ಅದಾವ. ಅಪ್ಪ ಪ್ಯಾಟಿಗೆ ಹಾಕೋಣು ಅಂತಾನ.”

“ಹಾಕಬ್ಯಾಡ್ರಿ. ಒಂದು ಚೀಲ ಹಿಡಕೊಂಡು ಮಸ್ಕಿಗೆ ಬಾ. ನಾನೂ ಈ ಕಡೆಯಿಂದ ಬರ್ತೀನಿ. ಶೇಂಗಾ ಆಡಿಸಿದೋರ ಹಿಂದ ನಿಂದ್ರಬ್ಯಾಡ.”

“ಯಾಕ?”

“ಬಂದಾಗ ಹೇಳ್ತೀನಿ.”

“ಹೂಂ. ಇಡ್ಲೇನು ಮಾಮಾ? ಇದಿನ್ನೂ ಭಾಳ ಹೊತ್ತು ಹಿಡೀತದ.”

“ಹಿಡೀಲಿ” ಎಂದೆ.

ಅವಳು ಬಡಿಯುತ್ತಿದ್ದಳು. ಸುವರ್ಣಾ ಬಾಗಿಲಿಗೆ ಬಂದು, ಯಾರ ಜೊತೆ ಇಷ್ಟು ಹೊತ್ತು ಸುಮ್ಮನೆ ಫೋನ್ ಹಿಡಿದಿದ್ದೀರಿ ಎನ್ನುವಂತೆ ನೋಡಿ ಹೋದಳು. ಅಕ್ಕಿ ಪೂರ್ತಿ ಬರುವವರೆಗೆ ನಾನು ಫೋನ್ ಇಡಲಿಲ್ಲ.